ಕಡಲಿಗೆ ಹೋದದ್ದೆಲ್ಲ ಪೋಲೇ? ಕಟ್ಟೆಯ ಹಿಂದಿನಿಂದ ಕಂಡ ವಿಶ್ವೇಶ್ವರಯ್ಯ

ಕಾವೇರಿ ವಿಚಾರ ಬಂದಾಗ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಯಾವ ಪಕ್ಷದವರು ಮೈಕ್ ಹಿಡಿದರೂ ಒಂದು ಮಾತು ತಪ್ಪದೆ ಬರುತ್ತೆ. ಇಷ್ಟು ಟಿಎಂಸಿ ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗ್ತಿದೆ ಅಂತ. ಮೇಕೆದಾಟು ಅಣೆಕಟ್ಟು ಕಟ್ಟಲೇಬೇಕು ಅನ್ನುವವರ ದೊಡ್ಡ ವಾದವೂ ಇದೇ. ಗಡಿ ದಾಟಿ ತಮಿಳುನಾಡಿಗೆ ಹೋದರೆ ಅಲ್ಲೂ, ಕೊಳ್ಳಿಡಂ ತುಂಬಿ ಹರಿದ ವರ್ಷಗಳಲ್ಲಿ, ಇದೇ ಕೊರಗು. ನೂರು ವರ್ಷದಿಂದ ಕಿತ್ತಾಡ್ತಿರೋ ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿರೋ ಮಾತು ಬಹುಶಃ ಇದೊಂದೇ.

ಈ ಮಾತಿಗೆ ಕರ್ನಾಟಕದಲ್ಲಿ ಒಬ್ಬ ಹಿರಿಯರ ಮುಖವಿದೆ. ಪೇಟ, ಕೋಟು, ಟೈ: ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಜೋಗದ ಗುಂಡಿ ನೋಡಿ ಎಷ್ಟೊಂದು ಶಕ್ತಿ ಪೋಲಾಗ್ತಿದೆಯಲ್ಲ ಅಂತ ಅವರು ಮರುಗಿದರು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೀವಿ. ಅದು ನಡೆದದ್ದೋ, ಯಾರೋ ಕಟ್ಟಿದ್ದೋ, ಆ ಮನುಷ್ಯನ ಸ್ವಭಾವಕ್ಕಂತೂ ಸರಿಯಾಗಿ ಹೊಂದುತ್ತೆ.

ನನ್ನೂರು ಬೂಕನಕೆರೆ, ಕೆ.ಆರ್. ಪೇಟೆ ತಾಲ್ಲೂಕು. ಹೊರಗಿನವರಿಗೆ ಅದು ಯಡಿಯೂರಪ್ಪ ಹುಟ್ಟಿದ ಊರು. ನಮಗೆ ಕನ್ನಂಬಾಡಿ ಕಟ್ಟೆಯ ಬೆನ್ನಿಗಿರೋ ಸೀಮೆ. ಪ್ರವಾಸಿಗರು ಕೆಆರ್‌ಎಸ್ಸನ್ನು ಮುಂದಿನಿಂದ ನೋಡ್ತಾರೆ: ಬೃಂದಾವನ, ಕಾರಂಜಿ, ಗೇಟು. ನಮ್ಮ ತಾಲ್ಲೂಕಿನವರು ನೋಡೋದು ಹಿಂದಿನಿಂದ, ವರಾಹನಾಥ ಕಲ್ಲಹಳ್ಳಿಯ ಕಡೆಯ ಹಿನ್ನೀರಿಂದ. ಮುಂಗಾರು ಜೋರಾದ ಮೇಲೆ ಹೇಮಾವತಿ ಕೆಂಪಗೆ, ಬಗ್ಗಡವಾಗಿ ಬಂದು ಹಿನ್ನೀರಿಗೆ ಸೇರುತ್ತಾಳೆ. ಅದೇ ನೀರು ಕಟ್ಟೆ ದಾಟಿ ಶ್ರೀರಂಗಪಟ್ಟಣದ ಕಡೆ ಹೋಗುವಾಗ ಎಷ್ಟೋ ತಿಳಿಯಾಗಿರುತ್ತೆ. ನಡುವೆ ಬಗ್ಗಡ ಎಲ್ಲಿ ಹೋಯಿತು? ತಳಕ್ಕೆ ಹೋಯಿತು. ವಿಶ್ವೇಶ್ವರಯ್ಯನವರ ಬದುಕನ್ನು ನಾನು ಈ ತಳಕ್ಕೆ ಹೋದ ವಸ್ತುವಿನ ಕಡೆಯಿಂದ ಹೇಳಬೇಕು ಅಂತಿದ್ದೀನಿ. ಯಾಕಂದ್ರೆ ನೀರಿನಲ್ಲಿ ಕಣ ಮುಳುಗೋ ಈ ಸಣ್ಣ ಕೆಲಸದ ಮೇಲೆ ಭೂಮಿಯ ಹವಾಮಾನದ ದೊಡ್ಡ ಭಾಗವೇ ನಿಂತಿದೆ. ಅವರ ಲೆಕ್ಕದಲ್ಲಿ ಅದಕ್ಕೆ ಕಲಂ ಇರಲಿಲ್ಲ. ನಮ್ಮ ಲೆಕ್ಕದಲ್ಲೂ ಇನ್ನೂ ಇಲ್ಲ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ವರ್ಷ 1861 ಅಂತ ಹೆಚ್ಚಿನವರು, 1860 ಅಂತ ಕೆಲವರು. ತಂದೆ ಶ್ರೀನಿವಾಸ ಶಾಸ್ತ್ರಿ ಬೇಗ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಬೆಂಗಳೂರಿಗೆ ಬಂದು, ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಂಡು ಓದಿದ. ಆ ಓದಿನ ನಡುವೆಯೇ ಮೈಸೂರು ಸೀಮೆಗೆ 1876–78ರ ಬರ ಬಂತು. ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಸತ್ತರು ಅಂತ ಅಂದಾಜು. ಹದಿನೈದು ಹದಿನಾರರ ಹುಡುಗನೊಬ್ಬ ಆ ವರ್ಷಗಳನ್ನು ಕಣ್ಣಾರೆ ನೋಡಿದ ಅಂದ್ರೆ, ಮುಂದೆ ಜೀವಮಾನವಿಡೀ ಒಂದು ಹನಿ ನೀರು ಕೈ ಜಾರಿದರೂ ಅವನಿಗೆ ಸಂಕಟ ಆಗಿದ್ದರಲ್ಲಿ ಆಶ್ಚರ್ಯ ಏನಿದೆ? ಪೋಲು ಅನ್ನೋ ಪದವನ್ನು ನಾವು ಇವತ್ತು ಭಾಷಣಕ್ಕೆ ಬಳಸ್ತೀವಿ. ಅವರ ತಲೆಮಾರಿಗೆ ಆ ಪದದ ಹಿಂದೆ ಹೆಣಗಳಿದ್ದವು. ಇದನ್ನು ಮರೆತು ಅವರನ್ನು ಅಳೆಯೋದು ನ್ಯಾಯ ಅಲ್ಲ.

ಮೈಸೂರಿನಲ್ಲಿ ಬರ ಕಾಲಿಟ್ಟ ಅದೇ 1876ರಲ್ಲಿ, ದೂರದ ಇಂಗ್ಲೆಂಡಿಗೆ ಚಾಲೆಂಜರ್ ಅನ್ನೋ ಹಡಗು ವಾಪಸ್ ಬಂತು. ಮೂರೂವರೆ ವರ್ಷ ಜಗತ್ತಿನ ಕಡಲು ಸುತ್ತಿ, ಸಾವಿರಾರು ಮೀಟರ್ ಆಳದಿಂದ ಕೆಸರು ಎತ್ತಿ ತಂದಿತ್ತು. ಆ ಕೆಸರಿನ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಪ್ಪುಗಳು. ಆ ಜೀವಿಗಳು ತಳದಲ್ಲೇ ಬದುಕಿದ್ದವು ಅಂತ ಯಾನದ ಮುಖ್ಯಸ್ಥ ವೈವಿಲ್ ಥಾಮ್ಸನ್ ಮೊದಲು ನಂಬಿದ್ದರು. ಜಾನ್ ಮರ್ರೆ ಅನ್ನೋ ಸಹಾಯಕ ವಿಜ್ಞಾನಿ ಮೇಲ್ನೀರಿನಲ್ಲಿ ಬಲೆ ಎಳೆದು, ಅವೇ ಜೀವಿಗಳು ಬಿಸಿಲಿನಲ್ಲಿ ತೇಲ್ತಿರೋದನ್ನು ತೋರಿಸಿದರು. ಅಂದ್ರೆ ಮೇಲೆ ಬದುಕಿದ್ದು ಸತ್ತ ಮೇಲೆ ಕೆಳಗೆ ಬೀಳುತ್ತೆ, ಬೀಳ್ತಾನೇ ಇರುತ್ತೆ. ಕಡಲ ತಳ ಅನ್ನೋದು ಮೇಲಿಂದ ಸುರಿದದ್ದರ ರಾಶಿ. ಮುದ್ದೇನಹಳ್ಳಿಯ ಹುಡುಗನಿಗೂ ಈ ಕೆಸರಿಗೂ ಆಗ ಯಾವ ಸಂಬಂಧವೂ ಇರಲಿಲ್ಲ.

1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, ಮೊದಲ ಸ್ಥಾನದಲ್ಲಿ ಪಾಸಾಗಿ, 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕುಡಿಯೋ ನೀರು ಕೊಡೋ ಕೆಲಸ 1890ರ ದಶಕದಲ್ಲಿ ಅವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಬರೀ ಬಗ್ಗಡ. ಶೋಧಿಸುವ ತೊಟ್ಟಿ ಕಟ್ಟಲು ಊರಿನವರ ಹತ್ತಿರ ದುಡ್ಡಿಲ್ಲ. ಆಗ ಅವರು ನದಿಯ ಮರಳಿನಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವಂತೆ ಮಾಡಿದರು. ಜಾಣತನದ ಕೆಲಸ, ಕಡಿಮೆ ಖರ್ಚಿನ ಕೆಲಸ. ಆದರೆ ಅವರಿಗೆ ಬಗ್ಗಡ ಅಂದ್ರೆ ನೀರಿನಿಂದ ತೆಗೆದು ಬಿಸಾಡಬೇಕಾದ ಕೊಳೆ ಅನ್ನೋದನ್ನೂ ಆ ಕೆಲಸ ತೋರಿಸುತ್ತೆ. ಕುಡಿಯೋ ನೀರಿಗೆ ಅದು ಸರಿ. ನದಿಗೆ ಸರಿಯೇ?

ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡಬಹುದು, ಮಿತಿ ಮೀರಿದಾಗ ಗೇಟು ತಾನೇ ತೆರೆದುಕೊಳ್ಳುತ್ತೆ. 1906ರಲ್ಲಿ ಏಡನ್‌ಗೆ ಹೋಗಿ ಆ ಬಂದರಿನ ನೀರು, ಚರಂಡಿಗೆ ಯೋಜನೆ ಕೊಟ್ಟರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಇದೆಲ್ಲದರಲ್ಲೂ ಒಂದೇ ಹಟ: ನೀರು ತನ್ನಿಷ್ಟಕ್ಕೆ ಹೋಗಬಾರದು, ಬರಬಾರದು.

1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1902ರಿಂದಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ವಿದ್ಯುತ್ತೂ ಸೊರಗುತ್ತೆ. ಮೇಲೆ ಒಂದು ದೊಡ್ಡ ಕಟ್ಟೆ ಕಟ್ಟಿದರೆ ಗಣಿಗೂ ಆಯ್ತು, ಗದ್ದೆಗೂ ಆಯ್ತು. ಕೆಲಸ 1911ರಲ್ಲಿ ಶುರುವಾಯಿತು. ಮದ್ರಾಸ್ ಸರ್ಕಾರ ಮೊದಲಿಗೆ ಒಪ್ಪಿದ್ದು 11 ಟಿಎಂಸಿಯ ಚಿಕ್ಕ ಜಲಾಶಯಕ್ಕೆ ಮಾತ್ರ. ಆದರೂ ಮೈಸೂರು ಅಡಿಪಾಯವನ್ನು ದೊಡ್ಡ ಕಟ್ಟೆಗೇ ಹಾಕಿತು. ಜಗಳ 1914ರಲ್ಲಿ ಪಂಚಾಯ್ತಿಗೆ ಹೋಗಿ, 1924ರ ಒಪ್ಪಂದದಲ್ಲಿ ನಿಂತಿತು. ಸಿಮೆಂಟ್ ಸಿಗದ ಕಾಲದಲ್ಲಿ ಸುರ್ಕಿ ಗಾರೆಯಲ್ಲಿ, ಸಾವಿರಾರು ಕೂಲಿಗಳ ಮೈಬೆವರಿನಲ್ಲಿ ಎದ್ದ ಆ ಗೋಡೆ 1931ರ ಹೊತ್ತಿಗೆ ಪೂರ್ತಿಯಾಯಿತು. ಈಗಿನ ಲೆಕ್ಕದಲ್ಲಿ 124.8 ಅಡಿ, 49.45 ಟಿಎಂಸಿ.

ಕಟ್ಟೆ ಕಟ್ಟಿದ್ದು ಯಾರು ಅಂತ ಇವತ್ತೂ ಫೇಸ್‌ಬುಕ್ಕಿನಲ್ಲಿ ಜಗಳ ನಡೀತದೆ. ಹಣದ, ರಾಜಕೀಯದ ಅಪಾಯ ಹೊತ್ತು ಒಪ್ಪಿಗೆ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅದೇ ಜಾಗದಲ್ಲಿ ಕಟ್ಟೆಯ ಕನಸು ಕಂಡಿದ್ದ ಟಿಪ್ಪುವಿನ ಪಾರ್ಸಿ ಶಾಸನ ಅಲ್ಲೇ ಸಿಕ್ಕಿದೆ. ವಿಶ್ವೇಶ್ವರಯ್ಯನವರು ಅದಕ್ಕೆ ಬುದ್ಧಿ ಕೊಟ್ಟರು, ಅವರು ಹೋದ ಮೇಲೂ ಬೇರೆ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದರು. ಒಬ್ಬರ ಹೆಸರಿಗೆ ಬರೆಯೋಕೆ ಅದೇನು ಸೈಟ್ ಅಲ್ಲ. ಇರ್ವಿನ್ ನಾಲೆ ಅಂತ ಶುರುವಾಗಿ ಈಗ ವಿಶ್ವೇಶ್ವರಯ್ಯ ನಾಲೆ ಆಗಿರುವುದರಿಂದ ಮಂಡ್ಯದ ಒಣನೆಲ ಕಬ್ಬು ಭತ್ತ ಕಂಡಿತು. ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಜಿಲ್ಲೆಯೇ ಹುಟ್ಟಿತು. ಆ ನೀರಿನಿಂದ ಓದು ಬರಹ ಕಂಡ ಮನೆಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟಿವೆ. ಕಟ್ಟೆ ಬೇಡವಾಗಿತ್ತು ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ.

ಆದರೆ ಲೆಕ್ಕಕ್ಕೆ ಸಿಗದವರೂ ಇದ್ದರು. ಹಳೇ ಕನ್ನಂಬಾಡಿ ಸೇರಿ ಹಲವು ಹಳ್ಳಿಗಳು ನೀರಿನಡಿ ಹೋದವು. ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಬಿಡಿಸಿ ಮೇಲೆ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಮುಳುಗಿದ ಮನೆಗಳಿಗೆ ಅಂಥ ಭಾಗ್ಯ ಬರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. 1912ರಿಂದ ದಿವಾನರಾಗಿದ್ದ ಆರು ವರ್ಷದಲ್ಲಿ ಅವರು ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲದರ ಹುಟ್ಟಿಗೆ ಕಾರಣರಾದರು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅನ್ನೋ ಕೂಗೆದ್ದಾಗ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಕುಸಿಯುತ್ತೆ, ಆಡಳಿತ ಸೊರಗುತ್ತೆ ಅನ್ನೋದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಇವತ್ತು ಕರ್ನಾಟಕದ ಸಾಮಾಜಿಕ ನ್ಯಾಯದ ಚರಿತ್ರೆ ಬರೆಯುವವರು ಮಿಲ್ಲರ್ ಸಮಿತಿಯಿಂದಲೇ ಶುರು ಮಾಡ್ತಾರೆ.

ಇದನ್ನು ಅವರ ಮೇಲೆ ಗೂಬೆ ಕೂರಿಸೋಕೆ ಹೇಳ್ತಿಲ್ಲ. ಕಟ್ಟೆಗೂ ಸಮಿತಿಗೂ ಒಂದೇ ತರದ ಕಣ್ಣು ಕೆಲಸ ಮಾಡಿತು ಅಂತ ನನಗನ್ನಿಸುತ್ತೆ. ಆ ಕಣ್ಣಿಗೆ ಉತ್ಪನ್ನ ಕಾಣುತ್ತೆ, ಅದನ್ನು ಉಂಟುಮಾಡಿದ ತಳ ಕಾಣಲ್ಲ. ನೀರು ಕಂಡಿತು, ನೀರಲ್ಲಿದ್ದ ಮಣ್ಣು ಕಾಣಲಿಲ್ಲ. ಪಾಸಾದವನ ಅಂಕ ಕಂಡಿತು, ಶಾಲೆಗೆ ಬರಲಾಗದ ತಲೆಮಾರುಗಳು ಕಾಣಲಿಲ್ಲ.

ಈಗ ಆ ಮಣ್ಣಿನ ವಿಚಾರ. ಹರಿಯೋ ನೀರು ಮಣ್ಣನ್ನು ಎತ್ತಿ ಹಿಡಿದಿರುತ್ತೆ. ಹಿನ್ನೀರಿಗೆ ಬಂದು ವೇಗ ತಗ್ಗಿದ ಕೂಡಲೇ ಮೊದಲು ಮರಳು, ಆಮೇಲೆ ನುಣ್ಣನೆ ಗೋಡು ಕೆಳಗಿಳಿಯುತ್ತೆ. ಅದರ ಜೊತೆಗೆ ಎಲೆಪುಡಿ, ಪಾಚಿ, ಸತ್ತ ಹುಳ ಕೂಡ. ಇವುಗಳಲ್ಲೆಲ್ಲ ಇಂಗಾಲ ಇರುತ್ತೆ. ಗಿಡವೋ ಪಾಚಿಯೋ ಗಾಳಿಯಿಂದ, ನೀರಿಂದ ಹೀರಿಕೊಂಡ ಇಂಗಾಲ ಅದು. ಹಳೆಯ ಕೆರೆಗಳ ಕಾಲದಲ್ಲಿ ಈ ಗೋಡಿಗೆ ಬೆಲೆಯಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕ್ತಿದ್ದರು. ಹೆಸರಲ್ಲೇ ಕೆರೆ ಇರೋ ನಮ್ಮಂಥ ಊರುಗಳ ಹಳಬರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೆರೆಯ ಲೆಕ್ಕದಲ್ಲಿ ನೀರೂ ಇತ್ತು, ಗೋಡೂ ಇತ್ತು. ದೊಡ್ಡ ಕಟ್ಟೆಯ ಲೆಕ್ಕದಲ್ಲಿ ನೀರು ಮಾತ್ರ ಉಳಿಯಿತು.

ಕಟ್ಟೆ ಇಲ್ಲದಿದ್ದರೆ ಆ ಬಗ್ಗಡ ಪೂಂಪುಹಾರಿನ ಹತ್ತಿರ ಬಂಗಾಳ ಕೊಲ್ಲಿ ಸೇರ್ತಿತ್ತು. ಸೇರಿ ಏನು ಮಾಡ್ತಿತ್ತು ಅನ್ನೋದು ಮುಖ್ಯ.

ಕಡಲ ಮೇಲ್ಪದರದಲ್ಲಿ, ಬಿಸಿಲು ಮುಟ್ಟುವಷ್ಟು ಆಳದಲ್ಲಿ, ಪ್ಲಾಂಕ್ಟನ್ ಅನ್ನೋ ಸೂಕ್ಷ್ಮ ಸಸ್ಯಗಳು ತೇಲ್ತಾ ಇರುತ್ತವೆ. ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಇವುಗಳದ್ದೇ. ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲವನ್ನು ಇವು ಮೈಗೂಡಿಸಿಕೊಳ್ತವೆ. ಬಹುಪಾಲು ಅಲ್ಲೇ ಯಾರೋ ತಿಂದು, ಕೊಳೆತು, ವಾಪಸ್ ನೀರಿಗೆ ಬೆರೆಯುತ್ತೆ. ಆದರೆ ಒಂದು ಪಾಲು ಮುಳುಗುತ್ತೆ. ಸತ್ತ ಪ್ಲಾಂಕ್ಟನ್, ಸೀಗಡಿಯಂಥ ಸಣ್ಣ ಜೀವಿಗಳ ಹಿಕ್ಕೆ, ಲೋಳೆ, ಮಣ್ಣಿನ ಕಣ ಎಲ್ಲ ಅಂಟಿಕೊಂಡು ಬೂದಿಯ ಚೂರುಗಳ ಹಾಗೆ ಹಗಲೂ ರಾತ್ರಿ ಕೆಳಗೆ ಉದುರುತ್ತೆ. ವಿಜ್ಞಾನಿಗಳು ಇದಕ್ಕೆ ಕಡಲ ಹಿಮ ಅಂತಾರೆ. ಹೀಗೆ ಬಿಸಿಲಿನ ಪದರ ಬಿಟ್ಟು ಇಳಿಯೋ ಇಂಗಾಲ ವರ್ಷಕ್ಕೆ 500ರಿಂದ 1,200 ಕೋಟಿ ಟನ್ ಅಂತ ಅಂದಾಜು.

ಎಷ್ಟು ಆಳಕ್ಕೆ ಹೋಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಅದನ್ನು ತಿಂತಾ ಹೋಗ್ತವೆ. ನಿಧಾನಕ್ಕೆ ಇಳಿದರೆ ಅರ್ಧ ದಾರಿಯಲ್ಲೇ ಖಾಲಿ. ಅಲ್ಲಿ ಬಿಡುಗಡೆಯಾದ ಕಾರ್ಬನ್ ಡೈಆಕ್ಸೈಡ್ ಕೆಲವೇ ವರ್ಷದಲ್ಲಿ ಮೇಲೆ ಬರಬಹುದು. ಬೇಗ ಇಳಿದು 1,000 ಮೀಟರ್ ದಾಟಿದರೆ ಅದು ಶತಮಾನಗಟ್ಟಲೆ ಗಾಳಿಯ ಮುಖ ನೋಡಲ್ಲ. ತಳ ಮುಟ್ಟಿ ಕೆಸರಲ್ಲಿ ಹೂತುಹೋಗೋದು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅದು ಲಕ್ಷಾಂತರ ವರ್ಷಕ್ಕೆ ಹೋದಂತೆಯೇ. ಈ ಇಳಿಕೆ ನಿಂತುಬಿಟ್ಟರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಈಗಿನದಕ್ಕಿಂತ ದಶಲಕ್ಷಕ್ಕೆ ನೂರೈವತ್ತು ಇನ್ನೂರು ಪಾಲು ಹೆಚ್ಚಾಗುತ್ತೆ ಅನ್ನೋದು ಲೆಕ್ಕ. ಹಾಗಂತ ನಮ್ಮ ಕಾರ್ಖಾನೆ, ವಾಹನಗಳ ಹೊಗೆಯನ್ನೆಲ್ಲ ಕಡಲ ಹಿಮ ನುಂಗಿಬಿಡುತ್ತೆ ಅಂದ್ಕೋಬೇಡಿ. ಕಡಲು ಈಗ ಹೀರ್ತಿರೋ ನಮ್ಮ ಹೊಗೆಯ ಕಾಲು ಭಾಗದಲ್ಲಿ ಬಹುಪಾಲು ನೇರವಾಗಿ ನೀರಲ್ಲಿ ಕರಗೋದು. ಕಡಲ ಹಿಮ ಮಾಡೋ ಕೆಲಸ ಬೇರೆ: ಮೊದಲಿಂದ ಆಳದಲ್ಲಿರೋ ಇಂಗಾಲದ ಗಂಟು ಬಿಚ್ಚದ ಹಾಗೆ ಕಾಯೋದು.

ಬೇಗ ಇಳಿಯೋಕೆ ಭಾರ ಬೇಕು. ಆ ಭಾರ ಎರಡು ರೀತಿ ಸಿಗುತ್ತೆ, ಎರಡೂ ನದಿಗೆ ಸಂಬಂಧಪಟ್ಟದ್ದು. ಮೊದಲನೆಯದು ನದಿ ತಂದ ಜೇಡಿಯ ಕಣ. ಎರಡನೆಯದು ಸಿಲಿಕಾ. ಪ್ಲಾಂಕ್ಟನ್‌ಗಳಲ್ಲಿ ಡಯಾಟಮ್ ಅನ್ನೋ ಜಾತಿ ಸಿಲಿಕಾದಿಂದ ಗಾಜಿನಂಥ ಕವಚ ಕಟ್ಟಿಕೊಳ್ಳುತ್ತೆ. ಅದು ಭಾರ, ಹಾಗಾಗಿ ಚೆನ್ನಾಗಿ ಮುಳುಗುತ್ತೆ. ಆ ಸಿಲಿಕಾ ಎಲ್ಲಿಂದ? ಕುಂತಿಬೆಟ್ಟದ ಬಂಡೆಯಂಥ ಕಲ್ಲುಗಳಿಂದ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೊತ್ತು ಬಂದು ಕಲ್ಲನ್ನು ನಿಧಾನಕ್ಕೆ ಕರಗಿಸುತ್ತೆ. ಕರಗಿದ ಸಿಲಿಕಾ ಹಳ್ಳ ಸೇರಿ, ಹೇಮಾವತಿ, ಲೋಕಪಾವನಿ ಸೇರಿ, ಕಾವೇರಿಯಾಗಿ ಕಡಲಿಗೆ ಹೋಗುತ್ತೆ. ಕಡಲಿಗೆ ಸಿಲಿಕಾ ತಲುಪಿಸೋ ಮುಖ್ಯ ದಾರಿ ನದಿಗಳೇ.

ಇದು ಬರೀ ಊಹೆಯಲ್ಲ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 1986ರಿಂದ ಅರಬ್ಬಿ ಸಮುದ್ರದಲ್ಲಿ, 1987ರಿಂದ ಬಂಗಾಳ ಕೊಲ್ಲಿಯಲ್ಲಿ ದೊಡ್ಡ ಆಲಿಕೆಯಂಥ ಬೋನುಗಳನ್ನು ಇಳಿಬಿಟ್ಟು, ಆಳಕ್ಕೆ ಬೀಳೋ ಕಣಗಳನ್ನು ತಿಂಗಳುಗಟ್ಟಲೆ ಹಿಡಿದು ತೂಗಿದರು. ಮುಂಗಾರಿನ ಹೊಳೆಗಳು ತಂದ ಜೇಡಿ ಬಂಗಾಳ ಕೊಲ್ಲಿಯಲ್ಲಿ ಇಂಗಾಲವನ್ನು ಆಳಕ್ಕೆ ಎಳೆದೊಯ್ಯುತ್ತೆ ಅನ್ನೋದು ಅದರಲ್ಲಿ ಕಂಡಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ವೇಣುಗೋಪಾಲನ್ ಇಟ್ಟೆಕ್ಕೋಟ್ ಮತ್ತು ಜೊತೆಗಾರರು 1997ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಯುರೋಪಿನ ಡ್ಯಾನ್ಯೂಬ್ ನದಿಗೆ 1970ರ ದಶಕದಲ್ಲಿ ಐರನ್ ಗೇಟ್ಸ್ ಅಣೆಕಟ್ಟು ಬಂದ ಮೇಲೆ ಕಪ್ಪು ಸಮುದ್ರಕ್ಕೆ ಹೋಗೋ ಸಿಲಿಕಾ ಮೂರರಲ್ಲಿ ಒಂದು ಪಾಲಿಗೆ ಇಳಿದುಹೋಗಿತ್ತು. ಅಲ್ಲಿ ಡಯಾಟಮ್ ಹಿಂದೆ ಬಿದ್ದು, ಬೇರೆ ಜಾತಿಯ ಪ್ಲಾಂಕ್ಟನ್‌ಗಳು ಮೇಲಾದವು. ನಿಂತ ನೀರಲ್ಲಿ ಡಯಾಟಮ್ ಬೆಳೆದು ಅಲ್ಲೇ ತಳಕ್ಕೆ ಕೂತರೆ, ಸಿಲಿಕಾ ಜಲಾಶಯದ ಕೆಸರಾಗಿ ಉಳಿಯುತ್ತೆ, ಕಡಲಿಗೆ ಹೋಗಲ್ಲ.

ಹಾಗಾದರೆ ಜಲಾಶಯದ ತಳದಲ್ಲಿ ಇಂಗಾಲ ಹೂತಿದೆಯಲ್ಲ, ಅದೂ ಒಳ್ಳೇದೇ ತಾನೇ ಅಂತ ಕೇಳಬಹುದು. ಅರ್ಧ ನಿಜ. ಆದರೆ ಆಮ್ಲಜನಕ ಇಲ್ಲದ ಆ ಕೆಸರಲ್ಲಿ ಮೀಥೇನ್ ಹುಟ್ಟುತ್ತೆ. ಶಾಖ ಹಿಡಿಯೋದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಬಹಳ ಜೋರು. ಜೊತೆಗೆ ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ. 133 ಟಿಎಂಸಿಗೆ ಕಟ್ಟಿದ ತುಂಗಭದ್ರಾ ಈಗ ಹಿಡಿಯೋದು ಸುಮಾರು 105 ಟಿಎಂಸಿ. ಆ ನಷ್ಟ ಮೀನಿಗಲ್ಲ, ಕಡಲಿಗಲ್ಲ, ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ. ಅಂದ್ರೆ ಕಡಲಿಗೆ ಹೋಗಬೇಕಾದ ಮಣ್ಣು ಇಲ್ಲೇ ನಿಂತರೆ ಎರಡೂ ಕಡೆ ಸೋಲು.

ಮತ್ತೆ ವಿಶ್ವೇಶ್ವರಯ್ಯನವರಿಗೆ ಬರೋಣ. ದಿವಾನಗಿರಿ ಬಿಟ್ಟ ಮೇಲೂ ಅವರು ನಾಲ್ಕು ದಶಕಕ್ಕೂ ಹೆಚ್ಚು ಬದುಕಿದರು, ಸುಮ್ಮನೆ ಕೂರಲಿಲ್ಲ. 1934ರಲ್ಲಿ ಇಡೀ ದೇಶಕ್ಕೆ ಯೋಜಿತ ಆರ್ಥಿಕತೆಯ ಪುಸ್ತಕ ಬರೆದರು. ಆ ದಶಕದ ಕೊನೆಯಲ್ಲಿ ಒಡಿಶಾದ ಪ್ರವಾಹ ನೋಡಿಬಂದು ಮಹಾನದಿಯ ಮೇಲೆ ಜಲಾಶಯಗಳ ಸಲಹೆ ಕೊಟ್ಟರು. 1951ರಲ್ಲಿ ಅವರ ವೃತ್ತಿಜೀವನದ ನೆನಪುಗಳು ಅಚ್ಚಾದವು. ಅದೇ ವರ್ಷ ಅಮೆರಿಕದಲ್ಲಿ ರೇಚಲ್ ಕಾರ್ಸನ್ ಅನ್ನೋ ಹೆಣ್ಣುಮಗಳ ಕಡಲಿನ ಪುಸ್ತಕವೂ ಬಂತು. ಅದರ ಒಂದು ಅಧ್ಯಾಯ ಪೂರ್ತಿ, ಯುಗಯುಗದಿಂದ ಕಡಲ ತಳಕ್ಕೆ ಉದುರುತ್ತಿರೋ ಕಣಗಳ ಮೇಲೆ. ಆ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಆಗ ಬಹುಶಃ ಯಾರೂ ಇರಲಿಲ್ಲ. 1955ರಲ್ಲಿ ಅವರಿಗೆ ಭಾರತರತ್ನ ಬಂತು. 1958ರಲ್ಲಿ ಹವಾಯಿಯ ಬೆಟ್ಟವೊಂದರ ಮೇಲೆ ಚಾರ್ಲ್ಸ್ ಕೀಲಿಂಗ್ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಬಿಡದೆ ಅಳೆಯೋಕೆ ಶುರು ಮಾಡಿದರು. ಆಗ ದಶಲಕ್ಷಕ್ಕೆ ಸುಮಾರು 315 ಪಾಲು. ವಿಶ್ವೇಶ್ವರಯ್ಯ ಹುಟ್ಟಿದಾಗ ಅದು 285ರ ಆಸುಪಾಸಿನಲ್ಲಿತ್ತು ಅಂತ ಹಿಮಗಡ್ಡೆಯ ದಾಖಲೆ ಹೇಳುತ್ತೆ. ಈಗ 420 ದಾಟಿದೆ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ. ಬೋನು ಇಳಿಬಿಟ್ಟು ಇಂಗಾಲ ತೂಗೋ ವಿಜ್ಞಾನ ಇನ್ನೂ ಬೆಳೆದೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಅವರನ್ನು ದೂರೋದು ತಪ್ಪು. ಗೊತ್ತಾದ ಮೇಲೂ ಹಿಡಿಯದೆ ಇರೋರು ನಾವು.

ಹಿಡಿಯದೆ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಒಂದು ಉದಾಹರಣೆ ಇದೆ. 2009ರಲ್ಲಿ ಅದೇ ಗೋವಾ ಸಂಸ್ಥೆಯವರು ಜರ್ಮನಿಯ ವಿಜ್ಞಾನಿಗಳ ಜೊತೆ ದಕ್ಷಿಣ ಸಾಗರಕ್ಕೆ ಹೋಗಿ ಲೋಹಾಫೆಕ್ಸ್ ಅನ್ನೋ ಪ್ರಯೋಗ ಮಾಡಿದರು. 300 ಚದರ ಕಿಲೋಮೀಟರ್ ಕಡಲಿಗೆ ಕಬ್ಬಿಣದ ಲವಣ ಹಾಕಿದರೆ ಪ್ಲಾಂಕ್ಟನ್ ಹುಲುಸಾಗಿ ಬೆಳೆದು, ಮುಳುಗಿ, ಇಂಗಾಲ ಆಳಕ್ಕೆ ಹೋಗುತ್ತದೆಯೇ ಅಂತ ನೋಡೋದು ಉದ್ದೇಶ. ಪ್ಲಾಂಕ್ಟನ್ ಬೆಳೆಯಿತು. ಆದರೆ ಆ ನೀರಿನಲ್ಲಿ ಸಿಲಿಕಾ ಇರಲಿಲ್ಲ, ಹಾಗಾಗಿ ಡಯಾಟಮ್ ಏಳಲಿಲ್ಲ. ಬೆಳೆದ ಬೇರೆ ಜಾತಿಗಳನ್ನು ಸಣ್ಣ ಜೀವಿಗಳು ಮೇಯ್ದವು. ಆಳಕ್ಕೆ ಹೋದ ಇಂಗಾಲ ತೀರಾ ಕಡಿಮೆ. ಹವಾಮಾನ ಕೆಡಿಸಿ, ಆಮೇಲೆ ಎಂಜಿನಿಯರಿಂಗ್ ಮಾಡಿ ಸರಿಮಾಡಿಬಿಡ್ತೀವಿ ಅನ್ನೋ ಕಂಪನಿಗಳು ಈಗ ಎಲ್ಲ ಕಡೆ ಹುಟ್ಟಿಕೊಂಡಿವೆ. ನದಿಗಳು ಪುಕ್ಕಟೆ ಮಾಡಿಕೊಂಡು ಬಂದ ಕೆಲಸವನ್ನು ನಿಲ್ಲಿಸಿ, ಅದನ್ನೇ ದುಡ್ಡು ಕೊಟ್ಟು ಮಾಡಿಸೋದು ಯಾವ ಉಳಿತಾಯ?

ಕಾವೇರಿ ಒಂದೇ ನದಿಯಿಂದ ಜಗತ್ತಿನ ಹವಾಮಾನ ನಿಂತಿಲ್ಲ, ನಿಜ. ಗಂಗಾ–ಬ್ರಹ್ಮಪುತ್ರದ ಮುಂದೆ ಅವಳು ತರೋ ಮಣ್ಣು ಚಿಟಿಕೆ. ಆದರೆ ಇದೇ ಮಾತನ್ನು ಪ್ರತಿಯೊಂದು ನದಿಯ ದಂಡೆಯಲ್ಲಿ ನಿಂತು ಹೇಳಬಹುದು. ಕೃಷ್ಣೆಗೆ ಕಟ್ಟೆ, ಗೋದಾವರಿಗೆ ಕಟ್ಟೆ, ಮಹಾನದಿಗೆ ಕಟ್ಟೆ. ಕಾವೇರಿಗೇ ಕನ್ನಂಬಾಡಿಯ ಕೆಳಗೆ ಮೆಟ್ಟೂರು, ಮೇಲೆ ಗೊರೂರು, ಹಾರಂಗಿ. ಜಗತ್ತಿನ ನದಿಗಳು ಕಡಲಿಗೆ ಒಯ್ಯಬೇಕಾದ ಮಣ್ಣಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಜಲಾಶಯಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅಂದಾಜಿದೆ.

2007ರ ಕಾವೇರಿ ನ್ಯಾಯಮಂಡಳಿ ತೀರ್ಪನ್ನು ತೆಗೆದು ನೋಡಿ. ಒಟ್ಟು 740 ಟಿಎಂಸಿ. ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10. ಕೊನೆಯ ಸಾಲಿನಲ್ಲಿ, ತಪ್ಪಿಸಲಾಗದೆ ಕಡಲಿಗೆ ಸೋರಿಹೋಗೋದು ಅಂತ 4. ಸುಪ್ರೀಂ ಕೋರ್ಟು 2018ರಲ್ಲಿ ನಮ್ಮ ಪಾಲನ್ನು 284.75ಕ್ಕೆ ಏರಿಸಿದಾಗ ಸಿಹಿ ಹಂಚಿದ್ದೀವಿ. ಕಡಲಿನ 4 ಟಿಎಂಸಿ ಬಗ್ಗೆ ಯಾವ ವೇದಿಕೆಯಲ್ಲೂ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಕಾನೂನಿನ ಭಾಷೆಯಲ್ಲೂ ಕಡಲು ಪಾಲುದಾರ ಅಲ್ಲ, ಸೋರಿಕೆ.

ರೈತರ ನೀರು ಕಿತ್ತು ಕಡಲಿಗೆ ಸುರಿಯಿರಿ ಅಂತ ನಾನು ಹೇಳ್ತಿಲ್ಲ. ಬೇಸಿಗೆಯಲ್ಲಿ ನಾಲೆಯ ತುದಿಯ ಗದ್ದೆಗೆ ನೀರು ಮುಟ್ಟದೆ ಇರೋ ಕಷ್ಟ ನೋಡಿಕೊಂಡೇ ಬೆಳೆದವರು ನಾವು. ಆದರೆ ಕಡಲಿಗೆ ಬೇಕಾದ್ದು ಬೇಸಿಗೆಯ ನೀರಲ್ಲ. ಬೇಕಾದ್ದು ಮುಂಗಾರಿನ ಬಗ್ಗಡ. ಹೊಸ ನೀರು ಬರೋ ಮೊದಲ ವಾರಗಳಲ್ಲಿ ತಳದ ತೂಬುಗಳಿಂದ ಹೂಳನ್ನು ಹೊಳೆಗೆ ಬಿಡಬಹುದೇ, ಎಷ್ಟು ಬಿಡಬಹುದು, ಕೆಳಗಿನವರಿಗೆ ತೊಂದರೆಯಾಗದ ಹಾಗೆ ಹೇಗೆ ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ. ಹೂಳು ಹೊರಗೆ ಹೋದರೆ ಜಲಾಶಯದಲ್ಲಿ ಜಾಗ ಉಳಿಯೋದು ರೈತನಿಗೇ. ವಿಶ್ವೇಶ್ವರಯ್ಯನವರಂಥವರಿಗೆ ಖುಷಿಯಾಗೋ ಲೆಕ್ಕ ಇದು.

ಕೆಆರ್‌ಎಸ್ ನೀರಿನ ಮಟ್ಟ ಮುಂಗಾರಿನ ತಿಂಗಳುಗಳಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತೆ, ಅಡಿ ಅಡಿಯೂ ಸುದ್ದಿ. ಅದರ ಪಕ್ಕ ಹೂಳಿನ ಮಟ್ಟ ಬರಲ್ಲ, ಎಷ್ಟು ಸಿಲಿಕಾ ಕೆಳಗೆ ಹೋಯಿತು ಅನ್ನೋದಂತೂ ಇಲ್ಲವೇ ಇಲ್ಲ. ಕೇಂದ್ರ ಜಲ ಆಯೋಗ ನದಿಗಳ ಹೂಳು ಅಳೆಯುತ್ತೆ. ಆದರೆ ಆ ಅಂಕಿ ನಮ್ಮ ರಾಜಕೀಯದ ಮಾತಿಗೆ ಇಳಿದಿಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನ ಅಂತ ಅವರ ಪಟಕ್ಕೆ ಹಾರ ಹಾಕೋ ಕಾಲೇಜುಗಳು, ಅಂಕಿಅಂಶ ಇಲ್ಲದೆ ಬಾಯಿ ಬಿಡದ ಆ ಮನುಷ್ಯನ ಹೆಸರಲ್ಲಿ, ಹುಡುಗ ಹುಡುಗಿಯರನ್ನು ಹಿನ್ನೀರಿಗೆ ಕಳಿಸಿ ಒಂದು ಬಾಟಲಿ ಬಗ್ಗಡವನ್ನೂ ಕಟ್ಟೆಯ ಕೆಳಗಿನ ಒಂದು ಬಾಟಲಿ ತಿಳಿನೀರನ್ನೂ ತೂಗಿಸಲಿ. ಮೇಕೆದಾಟುವಿನ ಪರ ವೋಟು ಕೇಳೋಕೆ ಬರೋರಿಗೆ, ವಿರೋಧವಾಗಿ ಕೇಳೋಕೆ ಬರೋರಿಗೂ, ಆ ಅಂಕಿ ತೋರಿಸಿ, ಈ ಎರಡು ಬಾಟಲಿಯ ನಡುವಿನ ವ್ಯತ್ಯಾಸವನ್ನು ನಿಮ್ಮ ಯೋಜನಾ ವರದಿಯ ಯಾವ ಪುಟದಲ್ಲಿ ಬರೆದಿದ್ದೀರಿ ಅಂತ ಕೇಳಲಿ.